ರಾಕ್ ಅಂಡ್ ರೋಲ್ ಎಲ್ವಿಸ್‌ನಿಂದಲೇ ಶುರುವಾಯಿತೇ?

"ರಾಕ್ ಅಂಡ್ ರೋಲ್ ಕಂಡುಹಿಡಿದವನು ಎಲ್ವಿಸ್ ಪ್ರೀಸ್ಲಿ" ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ರಾಕ್ ಅಂಡ್ ರೋಲ್ ಎಂದರೆ ಅಮೆರಿಕದ ಕುಣಿಸುವ ಲಯದ ಸಂಗೀತ; ಎಲ್ವಿಸ್ ಅಲ್ಲಿನ ಬಿಳಿಯ ಗಾಯಕ. ಹಾಡು ಚೆಂದ, ಮಾತು ಮಾತ್ರ ತಪ್ಪು.

ಎಲ್ವಿಸ್‌ನ ಮೊದಲ ರೆಕಾರ್ಡ್ ಬಂದದ್ದು 1954ರ ಜುಲೈನಲ್ಲಿ. ಅದರಲ್ಲಿದ್ದ 'ದಟ್ಸ್ ಆಲ್ ರೈಟ್' ಹಾಡನ್ನು ಬ್ಲೂಸ್ (ಕಪ್ಪು ಅಮೆರಿಕನ್ನರ ಸಂಗೀತ ಶೈಲಿ) ಹಾಡುತ್ತಿದ್ದ ಕಪ್ಪು ಗಾಯಕ ಆರ್ಥರ್ ಕ್ರುಡಪ್ 1946ರಲ್ಲೇ ಹಾಡಿದ್ದ. 'ಹೌಂಡ್ ಡಾಗ್' ಕೂಡ ಹಾಗೆಯೇ. ಬಿಗ್ ಮಾಮಾ ಥಾರ್ನ್‌ಟನ್ ಎಂಬಾಕೆ ಅದನ್ನು 1952ರಲ್ಲಿ ರೆಕಾರ್ಡ್ ಮಾಡಿದ್ದಳು. ಎಲ್ವಿಸ್ ಹಾಡಿದ್ದು 1956ರಲ್ಲಿ. ಸಿಸ್ಟರ್ ರೊಸೆಟಾ ಥಾರ್ಪ್ ಅಂತೂ ಇನ್ನೂ ಮೊದಲೇ, 1940ರ ದಶಕದಲ್ಲೇ, ಎಲೆಕ್ಟ್ರಿಕ್ ಗಿಟಾರ್ ಹಿಡಿದು ಭಕ್ತಿಗೀತೆಗಳಿಗೆ ಕುಣಿಸುವ ಲಯ ಕೊಟ್ಟಿದ್ದಳು.

ಹೆಸರೂ ಎಲ್ವಿಸ್‌ನದಲ್ಲ. ಕ್ಲೀವ್‌ಲ್ಯಾಂಡ್‌ನ ರೇಡಿಯೋದಲ್ಲಿ 1951ರಿಂದ ಕಪ್ಪು ಗಾಯಕರ ಹಾಡು ಹಾಕುತ್ತಿದ್ದ ಅಲನ್ ಫ್ರೀಡ್ ಆ ಹೆಸರನ್ನು ಮನೆಮಾತು ಮಾಡಿದ.

ಮತ್ತೆ ಕೀರ್ತಿ ಒಬ್ಬನಿಗೇ ಯಾಕೆ? ಆಗ ಅಮೆರಿಕದಲ್ಲಿ ಶಾಲೆ, ಬಸ್ಸುಗಳಂತೆ ಹಾಡುಗಳ ಪಟ್ಟಿಯೂ ಕಪ್ಪು ಜನರಿಗೆ, ಬಿಳಿಯರಿಗೆ ಬೇರೆ ಬೇರೆ ಇತ್ತು! ಬಿಳಿಯ ಹುಡುಗ ಅದೇ ಲಯದಲ್ಲಿ ಹಾಡಿದಾಗ ಟಿವಿ ಬಾಗಿಲು ತೆರೆಯಿತು. 1956ರ ಸೆಪ್ಟೆಂಬರ್‌ನಲ್ಲಿ ಎಡ್ ಸಲಿವನ್ ಶೋದಲ್ಲಿ ಅವನನ್ನು ನೋಡಿದವರು ಸುಮಾರು 6 ಕೋಟಿ ಜನ. ಹದಿಹರೆಯದವರ ಬಟ್ಟೆ, ಕೂದಲು, ಕುಣಿತ ಎಲ್ಲ ಬದಲಾಯಿತು. ಆ ಪಾಲು ಎಲ್ವಿಸ್‌ಗೆ ಸಲ್ಲಲೇಬೇಕು ಅಲ್ವಾ?

ಅಂದಹಾಗೆ, ಈ ಸಂಗೀತ ತನಗಿಂತ ಮೊದಲೇ ಇತ್ತು ಎಂದು 1957ರಲ್ಲಿ 'ಜೆಟ್' ಪತ್ರಿಕೆಗೆ ಹೇಳಿದವನು ಸ್ವತಃ ಎಲ್ವಿಸ್.