ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು ಯಾವತ್ತು?

ನಮ್ಮ ಕಡೆ ಹಳೇ ತಲೆಮಾರಿನವರ ಶಾಲೆ ದಾಖಲೆ ತೆಗೆದು ನೋಡಿ. ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಮೇಷ್ಟ್ರು ಅಂದಾಜಿಗೆ ಒಂದು ತಾರೀಖು ಬರೆದುಬಿಡುತ್ತಿದ್ದರು. ನಮ್ಮಪ್ಪನದೂ ಅದೇ. ಯಾರೂ ತಲೆ ಕೆಡಿಸಿಕೊಂಡಿಲ್ಲ.

ಅಮೆರಿಕದವರು ಹಾಗೆ ಬಿಡುವ ಜನ ಅಲ್ಲ. ನಾನಿರುವ ಹ್ಯೂಸ್ಟನ್‌ನಲ್ಲಿ ವಂಶಾವಳಿ ಹುಡುಕುವವರಿಗೆಂದೇ ಕ್ಲೇಟನ್ ಅಂತ ಒಂದು ಲೈಬ್ರರಿ ಇದೆ. ಜನಗಣತಿ, ಮದುವೆ, ಸಾವು, ಎಲ್ಲದರ ಕಾಗದ ಕೆದಕುತ್ತಾರೆ. ನನಗೂ ಆ ಹುಚ್ಚು ಹತ್ತಿತು. ನನ್ನ ಮನೆತನ ಅಲ್ಲೆಲ್ಲಿ ಸಿಗಬೇಕು? ಬೇರೆಯವರದ್ದು ಓದತೊಡಗಿದೆ. ಜಾಜ್ ಕೇಳುವ ಚಟ ಬಂದದ್ದೂ ಹಾಗೇ, ಜಾಜ್‌ನ ಹೆಸರಾಂತ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ನ ಹುಟ್ಟಿದ ದಿನದ ಕತೆಯಿಂದ.

ತಾನು ಹುಟ್ಟಿದ್ದು 1900ರ ಜುಲೈ 4ಕ್ಕೆ ಅಂತ ಆತ ಹೇಳುತ್ತಿದ್ದ. ಅದು ಅಮೆರಿಕದ ಸ್ವಾತಂತ್ರ್ಯ ದಿನ. 1971ರಲ್ಲಿ ಸತ್ತಾಗಲೂ ಜಗತ್ತು ನಂಬಿದ್ದು ಅದನ್ನೇ. 1980ರ ದಶಕದಲ್ಲಿ ಟ್ಯಾಡ್ ಜೋನ್ಸ್ ಎಂಬ ಸಂಶೋಧಕ ನ್ಯೂ ಆರ್ಲಿಯನ್ಸ್‌ನ ಒಂದು ಕ್ಯಾಥೊಲಿಕ್ ಚರ್ಚಿನ ರಿಜಿಸ್ಟರ್ ಹುಡುಕಿದ. ಮಗುವಿಗೆ ದೀಕ್ಷಾಸ್ನಾನ ಆದದ್ದು 1901ರ ಆಗಸ್ಟ್ 25ಕ್ಕೆ, ಹುಟ್ಟಿದ್ದು ಆಗಸ್ಟ್ 4ಕ್ಕೆ. ಪಕ್ಕದಲ್ಲಿ ಲ್ಯಾಟಿನ್‌ನಲ್ಲಿ ಎರಡೇ ಪದ: ಕರಿಯ, ಮದುವೆಯಾಗದವಳ ಮಗ. ಅಪ್ಪ ಬೇಗನೇ ಮನೆ ಬಿಟ್ಟು ಹೋಗಿದ್ದ. ಅಮ್ಮ ಮೇಯಾನ್ ಇನ್ನೂ ಎಳೇ ಹುಡುಗಿ. 1912ರ ಕೊನೆಯ ರಾತ್ರಿ ಬೀದಿಯಲ್ಲಿ ಗುಂಡು ಹಾರಿಸಿದ್ದಕ್ಕೆ ಪೊಲೀಸರು ಹುಡುಗನನ್ನು ಹಿಡಿದರು. ಮುಂದೆ ಸೇರಿಸಿದ್ದು ಕಪ್ಪು ಹುಡುಗರ ಸುಧಾರಣಾ ಶಾಲೆಗೆ. ಅಲ್ಲಿನ ಬ್ಯಾಂಡಿನಲ್ಲಿ ಟ್ರಂಪೆಟ್‌ನಂಥದೇ ವಾದ್ಯ ಕಾರ್ನೆಟ್ ಪಳಗಿತು.

ಇಷ್ಟು ಓದಿದ ಮೇಲೆ 1928ರ ಜೂನ್ 28ರಂದು ಶಿಕಾಗೋದಲ್ಲಿ ಆತ ಧ್ವನಿಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಕೇಳಿದೆ. ಮೊದಲಿಗೆ ಟ್ರಂಪೆಟ್ ಒಂದೇ. ನಾಲ್ಕು ನೇರ ಸ್ವರ, ಆಮೇಲೆ ಸರಸರನೆ ಮೇಲಕ್ಕೆ ಹತ್ತಿ, ಅಲ್ಲಿಂದ ಉರುಳಿಕೊಂಡು ಕೆಳಕ್ಕೆ. ಜೊತೆಗೆ ತಾಳವಿಲ್ಲ, ವಾದ್ಯವಿಲ್ಲ. ರಾಗಾಲಾಪನೆ ಕೇಳಿ ಬೆಳೆದ ಕಿವಿಗೆ ಒಂಟಿ ವಾದ್ಯ ಹೊಸದೇನಲ್ಲ. ಆದರೆ ನಮ್ಮ ವಿದ್ವಾಂಸರು ಅರ್ಧ ಗಂಟೆ ತೆಗೆದುಕೊಳ್ಳುವುದನ್ನು ಈತ ಕಾಲು ನಿಮಿಷದೊಳಗೆ ಮುಗಿಸುತ್ತಾನೆ. ಕೊನೆಯ ಸುತ್ತಿನಲ್ಲಿ ಒಂದೇ ಸ್ವರ ಹಿಡಿದು ನಿಲ್ಲುತ್ತಾನೆ ನೋಡಿ, ಕೇಳುವವರಿಗೇ ಉಸಿರು ಕಟ್ಟಬೇಕು. ಆಗ ಅವನಿಗೆ 26 ವರ್ಷ. ತನಗೆ 27 ಅಂದುಕೊಂಡಿದ್ದ, ಪಾಪ.

ನಮ್ಮಲ್ಲೂ ವಂಶಾವಳಿ ಇದೆ ಅಲ್ವಾ ಅಂತ ನೀವು ಕೇಳಬಹುದು. ಖಂಡಿತ ಇದೆ. ಹೆಳವರು ಎತ್ತು ಕಟ್ಟಿಕೊಂಡು ಊರೂರು ತಿರುಗಿ, ಮೂಲ ಪುರುಷ ಯಾರು, ಯಾವ ಊರಿಂದ ಯಾವ ಊರಿಗೆ ಬಂದಿರಿ ಎಂದು ಕಟ್ಟೆಯ ಮೇಲೆ ಕೂತು ಹೇಳಿ, ಕಾಳುಕಡ್ಡಿ ತೆಗೆದುಕೊಂಡು ಹೋಗುತ್ತಿದ್ದರು. ಅಮೆರಿಕದ ಕಾಗದಕ್ಕಿಂತ ಇದು ಎಷ್ಟೋ ಕಡೆ ಮೇಲು. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರ ಪಟ್ಟಿಗೆ ವಯಸ್ಸು, ಲಿಂಗ, ಬಣ್ಣ ಬರೆದರು, ಹೆಸರು ಬರೆಯಲಿಲ್ಲ. ಹಾಗಾಗಿ ಕಪ್ಪು ಜನರ ಹುಡುಕಾಟ 1870ರ ಹಾಳೆಗೆ ಬಂದು ಗೋಡೆಗೆ ಬಡಿದಂತೆ ನಿಲ್ಲುತ್ತದೆ.

ಆದರೂ ನನ್ನ ತಕರಾರು ಒಂದಿದೆ. ನಮ್ಮದು ಮನೆತನದ ಲೆಕ್ಕ. ಅದೂ ಹೆಚ್ಚಾಗಿ ಗಂಡುಮಕ್ಕಳ ಸಾಲು. ಅಪ್ಪ ಕೈಬಿಟ್ಟ, ಬಡ ಹೆಂಗಸಿನ ಮಗನಿಗೆ ಅಲ್ಲಿ ಜಾಗ ಸಿಗುತ್ತಿತ್ತಾ? ಸಿಗುತ್ತಿರಲಿಲ್ಲ ಅಂತಲೇ ನನಗನ್ನಿಸುವುದು. ಆ ಪಾದ್ರಿ ಅವಮಾನ ಮಾಡಿಯೇ ಬರೆದ, ಆದರೆ ಮೇಯಾನ್‌ಳ ಮಗನನ್ನು ಬರೆದ. ನಾವು ಗೋತ್ರ, ಬೆಡಗು ಕೇಳಿದರೆ ತಟ್ಟನೆ ಹೇಳುತ್ತೇವೆ. ನಮ್ಮ ಮುತ್ತಜ್ಜಿಯ ಹೆಸರು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೋದ ಸಲ ಫೋನಿನಲ್ಲಿ ದೊಡ್ಡಪ್ಪನನ್ನು ಕೇಳಿದರೆ, ‘ಈಗ ಅದ್ಯಾಕೆ ಬೇಕು?’ ಅಂದರು.