ಸಿಂಡ್ರೆಲಾಗೆ ಈಗ ಚಪ್ಪಲಿ ಸಾಲಲ್ಲ, ಕತ್ತಿನೂ ಬೇಕಂತೆ

ನಮ್ಮಕ್ಕನ ಮಗಳು ಒಂಬತ್ತನೇ ಕ್ಲಾಸು, ಮೊನ್ನೆ ಬರ್ತ್‌ಡೇಗೆ ಒಂದು ಪುಸ್ತಕ ತರಿಸ್ಕೊಂಡ್ಳು. ಇಟ್ಟಿಗೆ ಗಾತ್ರ, ಕವರ್ ಮೇಲೆ ಕಿರೀಟ, ಕಿರೀಟಕ್ಕೆ ಮುಳ್ಳು, ಮುಳ್ಳಿಂದ ಒಂದೇ ಒಂದು ಹನಿ ರಕ್ತ, ಹಾಳೆ ಅಂಚಿಗೆಲ್ಲ ನೇರಳೆ ಬಣ್ಣ ಬೇರೆ ಬಳಿದಿದಾರೆ. ಏನೇ ಇದು ಅಂದ್ರೆ "ಸಿಂಡ್ರೆಲಾ ಮಾಮ, ಆದ್ರೆ ಡಾರ್ಕ್ ರೀಟೆಲಿಂಗು" ಅಂದ್ಳು, ಹಳೇ ಕಥೇನೇ ಭಯಂಕರ ಮಾಡಿ ಮತ್ತೆ ಹೇಳೋದಂತೆ. ತೆಗೆದು ನೋಡಿದ್ರೆ ಮೊದಲನೇ ಪುಟದಲ್ಲೇ ಮ್ಯಾಪು. ಮನೆಯಿಂದ ಅರಮನೆಗೆ ಹೋಗಿ ಬರೋಕೆ ಮ್ಯಾಪ್ ಯಾಕ್ರೀ, ಆ ಕುಂಬಳಕಾಯಿಗೆ ದಾರಿ ಗೊತ್ತಿರ್ಲಿಲ್ವಾ? ಅದರ ಹಿಂದಿನ ಪುಟದಲ್ಲಿ ಟ್ರಿಗರ್ ವಾರ್ನಿಂಗು, ರಕ್ತ ಇದೆ, ಹಿಂಸೆ ಇದೆ, ನೋಡ್ಕೊಂಡು ಓದಿ ಅಂತ.

ಡಾರ್ಕ್ ಅಂತೆ! ಸ್ವಾಮಿ, ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರು 1812ರಲ್ಲೇ ಅಚ್ಚು ಹಾಕಿಸಿದ ಸಿಂಡ್ರೆಲಾದಲ್ಲಿ, ಚಪ್ಪಲಿ ಹಿಡೀತಿಲ್ಲ ಅಂತ ಮಲಅಕ್ಕಂದಿರಿಗೆ ಹೆತ್ತ ತಾಯೀನೇ ಚಾಕು ಕೊಟ್ಟು ಒಬ್ಬಳ ಕೈಲಿ ಕಾಲ್ಬೆರಳು, ಇನ್ನೊಬ್ಬಳ ಕೈಲಿ ಹಿಮ್ಮಡಿ ಕುಯ್ಸಿದಾಳೆ. ಸ್ನೋವೈಟ್ ಮದುವೇಲಿ ಆ ರಾಣಿಗೆ ಕೆಂಡದಂಗೆ ಕಾಯ್ಸಿದ ಕಬ್ಬಿಣದ ಚಪ್ಪಲಿ ಹಾಕ್ಸಿ ಸಾಯೋತನಕ ಕುಣಿಸ್ತಾರೆ. ಕಪ್ಪೆ ರಾಜಕುಮಾರನ ಕಥೇಲಿ ಕಪ್ಪೆಗೆ ಯಾರೂ ಮುತ್ತು ಕೊಡಲ್ಲ, ರಾಜಕುಮಾರಿ ಎತ್ತಿ ಗೋಡೆಗೆ ಬಡೀತಾಳೆ. ಇಷ್ಟೆಲ್ಲ ಇರೋ ಪುಸ್ತಕದ ಹೆಸರೇನು ಗೊತ್ತಾ, 'ಮಕ್ಕಳ ಮತ್ತು ಮನೆಮಂದಿಯ ಕಥೆಗಳು'. ವಾರ್ನಿಂಗ್ ಗೀರ್ನಿಂಗ್ ಏನಿಲ್ಲ.

ಹಂಗಂತ ಗ್ರಿಮ್ ಏನ್ ಸಾಚಾ ಅಲ್ಲ ಬಿಡಿ. ಮೊದಲನೇ ಪ್ರಿಂಟಲ್ಲಿ ಸ್ನೋವೈಟನ್ನ ಕೊಲ್ಲಿಸೋಕೆ ಹೋಗಿದ್ದು ಸ್ವಂತ ಅಮ್ಮ, ಆಮೇಲೆ ಅದು ಸರಿಹೋಗಲ್ಲ ಅಂತ ಮಲತಾಯಿ ಮಾಡಿದ್ರು. ರಪುಂಜೆಲ್ "ಯಾಕೋ ಬಟ್ಟೆ ಬಿಗಿಯಾಗ್ತಿದೆ" ಅಂತ ಮುಗ್ಧವಾಗಿ ಕೇಳ್ತಾಳಲ್ಲ, ಮದುವೆಗೆ ಮುಂಚೆ, ಆ ಲೈನನ್ನೂ ಎಗರಿಸಿದ್ರು. 1857ರವರೆಗೆ ತಿದ್ದಿ ತಿದ್ದಿ ಒಟ್ಟು ಏಳು ಸಲ ಅಚ್ಚು ಹಾಕಿಸಿದಾರೆ ಪುಣ್ಯಾತ್ಮರು. ಅದನ್ನ ಈಗಿನ ರೀಟೆಲಿಂಗ್ ಬರೆಯೋರು ತಿದ್ದಿ, ಮಲತಾಯಿಗೆ ಚಿಕ್ಕಂದಿನ ನೋವು ಅಂತ ನಲವತ್ತು ಪುಟ ಫ್ಲ್ಯಾಶ್‌ಬ್ಯಾಕ್ ಕೊಟ್ಟು, ಹುಡುಗಿ ಕೈಗೊಂದು ಕತ್ತಿ ಕೊಟ್ಟು, ಹೊಸದು ಅಂತ ಮಾರ್ತಾರೆ. ಹುಡುಗಿಗೆ ಯಾವಾಗ್ಲೂ ಹದಿನೇಳು, ಹುಡುಗನಿಗೆ ಮುನ್ನೂರು ವರ್ಷ ಆದ್ರೂ ಇನ್ನೂ ಕಾಲೇಜಲ್ಲೇ ಇದಾನೆ (ಎಷ್ಟು ಸಬ್ಜೆಕ್ಟ್ ಬ್ಯಾಕ್ ಇದ್ಯೋ). ಮೂರನೇ ಚಾಪ್ಟರಲ್ಲಿ ಅವನು ಗೋಡೆಗೊರಗಿ ನಿಂತ್ಕೋತಾನೆ, ಅವಳು ಇಷ್ಟೊತ್ತು ಬಿಗಿಹಿಡಿದಿದ್ದೇ ಗೊತ್ತಿರದ ಉಸಿರನ್ನ ಬಿಡ್ತಾಳೆ. ಉಸಿರು ಹಿಡಿದಿದ್ದು ಗೊತ್ತಾಗಲ್ವೇನಮ್ಮ, ಡಾಕ್ಟರಿಗೆ ತೋರಿಸು.

ತಡೀಲಾರದೆ ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಸಂಗ್ರಹಿಸಿದ, 'ಹಂಚಿ' ಅನ್ನೋ ಹುಡುಗಿ ಕಥೆ ಶುರು ಮಾಡಿದೆ, ನಮ್ಮ ಕನ್ನಡದ ಸಿಂಡ್ರೆಲಾ ಕಣೇ ಅಂತ. ಒಡಹುಟ್ಟಿದ ಅಣ್ಣನ ಕಣ್ಣೇ ತಂಗಿ ಮೇಲೆ ಬೀಳುತ್ತೆ, ತಾಯಿ ಗಾಬರಿಯಾಗಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡ್ಸಿ, ಬುತ್ತಿ ಕಟ್ಟಿ, ರಾತ್ರೋರಾತ್ರಿ ಮನೆ ಬಿಡಿಸ್ತಾಳೆ ಅನ್ನೋಷ್ಟರಲ್ಲಿ "ಅಯ್ಯೋ ಮಾಮ ಸಾಕು, ಇದೇನಿದು ಇಷ್ಟು ಡಾರ್ಕು" ಅಂತ ಎದ್ದುಹೋದ್ಳು.

ಇಟ್ಟಿಗೆ ಎಲ್ಲೀವರೆಗೆ ಬಂತು ಅಂತ ನಿನ್ನೆ ಕೇಳಿದೆ. ಮುಗೀತಂತೆ. ಚಪ್ಪಲಿ ಇನ್ನೂ ಬಿದ್ದಿಲ್ಲ, ಅದು ಪಾರ್ಟ್ ತ್ರೀಲಂತೆ.