ಎಲ್ಲವೂ ಗಣರಾಜ್ಯದ ಹಿತಕ್ಕಾಗಿ

ಕ್ರಿಸ್ತಪೂರ್ವ 60ರ ಚುನಾವಣೆಯಲ್ಲಿ ಜೂಲಿಯಸ್ ಸೀಸರ್ ಗೆಲ್ಲುವುದು ಖಚಿತ ಎಂದು ಗೊತ್ತಾಗುತ್ತಿದ್ದಂತೆ ರೋಮಿನ ದೊಡ್ಡ ಮನೆತನದವರಿಗೆ ನಿದ್ದೆ ಹಾರಿಹೋಯಿತು. ಹೇಗೂ ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳು, ಅಂದರೆ ಆಡಳಿತದ ಮುಖ್ಯಸ್ಥರು; ಇನ್ನೊಬ್ಬನಾದರೂ ನಮ್ಮವನಿರಲಿ ಎಂದು ಬಿಬುಲಸ್‌ನನ್ನು ನಿಲ್ಲಿಸಿದರು. ಅವನ ಪರವಾಗಿ ಮತದಾರರಿಗೆ ಹಂಚಲು ತಮ್ಮತಮ್ಮಲ್ಲೇ ಚಂದಾ ಎತ್ತಿದರು. ಪ್ರಾಮಾಣಿಕತೆಗೆ ಇನ್ನೊಂದು ಹೆಸರು ಎನಿಸಿಕೊಂಡಿದ್ದ ಕೇಟೊ ಕೂಡ ಇದಕ್ಕೆ ತಲೆಯಾಡಿಸಿದ. ಈ ಲಂಚ ಗಣರಾಜ್ಯದ ಹಿತಕ್ಕಾಗಿ, ಅಂದ. ಎದುರಿನವರು ಕೊಟ್ಟರೆ ಭ್ರಷ್ಟಾಚಾರ, ನಮ್ಮವರು ಕೊಟ್ಟರೆ ದೇಶಸೇವೆ!

ಇಬ್ಬರೂ ಗೆದ್ದರು. ಮರುವರ್ಷ ಸೀಸರ್ ಭೂಮಿ ಹಂಚುವ ಮಸೂದೆ ತಂದ. ತಡೆಯಲು ಊರ ನಡುವಿನ ಸಭಾಚೌಕವಾದ ಫೋರಂಗೆ ಬಂದ ಬಿಬುಲಸ್‌ನ ತಲೆಯ ಮೇಲೆ ಯಾರೋ ಒಂದು ಬುಟ್ಟಿ ಸೆಗಣಿ ಸುರಿದರು, ಅವನ ಅಧಿಕಾರದ ದಂಡಗಳನ್ನು ಮುರಿದರು. ದೇಶದ ಅತ್ಯುನ್ನತ ಅಧಿಕಾರಿ ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು, ಆಕಾಶ ನೋಡತೊಡಗಿದ. ಇದು ಬೇಸರ ಕಳೆಯುವ ಹವ್ಯಾಸವಲ್ಲ, ಶುದ್ಧ ಶಾಸನಬದ್ಧ ಕಾರ್ಯ. ಅಧಿಕಾರಿಯೊಬ್ಬ ಶಕುನಕ್ಕಾಗಿ ಆಕಾಶ ನೋಡುತ್ತಿದ್ದೇನೆ ಎಂದರೆ ಸಾಕು, ಆ ದಿನ ಜನಸಭೆ ನಡೆಯುವಂತಿಲ್ಲ. ಬಿಬುಲಸ್ ಸುಮಾರು ಎಂಟು ತಿಂಗಳು ನೋಡಿದ. ಸೀಸರ್ ಅಷ್ಟೂ ತಿಂಗಳು ಸಭೆ ನಡೆಸಿದ. ಒಬ್ಬನ ಲೆಕ್ಕದಲ್ಲಿ ಆ ವರ್ಷದ ಕಾನೂನುಗಳೆಲ್ಲ ಊರ್ಜಿತ, ಇನ್ನೊಬ್ಬನ ಲೆಕ್ಕದಲ್ಲಿ ಒಂದೂ ಇಲ್ಲ. ಜನರಿಗೆ ಮಾತ್ರ ಪುಕ್ಕಟೆ ಮನರಂಜನೆ. ಬಿಬುಲಸ್ ಮನೆಯೊಳಗಿಂದಲೇ ಸೀಸರ್‌ನ ಮಾನ ಹರಾಜು ಹಾಕುವ ಪ್ರಕಟಣೆಗಳನ್ನು ಹೊರಡಿಸುತ್ತಿದ್ದ. ಅವುಗಳನ್ನು ಅಂಟಿಸಿದ ಜಾಗದಲ್ಲಿ ಓದುವವರ ನೂಕುನುಗ್ಗಲಿನಿಂದ ದಾರಿಯೇ ಬಂದ್ ಆಗುತ್ತಿತ್ತಂತೆ. ಇದು 'ಜೂಲಿಯಸ್ ಮತ್ತು ಸೀಸರ್' ಎಂಬಿಬ್ಬರು ಕಾನ್ಸಲ್‌ಗಳ ವರ್ಷ ಎಂದು ತುಂಟರು ನಗುತ್ತಿದ್ದರು.

ಕ್ರಿಸ್ತಪೂರ್ವ 54ರ ಚುನಾವಣೆಯಲ್ಲಿ ಮತದಾರರಿಗೆ ಹಂಚುವ ಹಣಕ್ಕೆ ಎಷ್ಟು ಸಾಲ ಎತ್ತಿದರೆಂದರೆ, ರೋಮಿನ ಬಡ್ಡಿ ದರ ಶೇಕಡಾ 4ರಿಂದ 8ಕ್ಕೆ ಜಿಗಿಯಿತು. ಅರ್ಥಶಾಸ್ತ್ರಜ್ಞರು ಬೇಕಾಗಿಯೇ ಇರಲಿಲ್ಲ. ಬಡ್ಡಿ ಏರಿತೆಂದರೆ ಚುನಾವಣೆ ಹತ್ತಿರ ಬಂತು ಎಂದೇ ಲೆಕ್ಕ.

52ರಲ್ಲಿ ಪುಂಡರ ನಾಯಕ ಕ್ಲೋಡಿಯಸ್ ಅಪ್ಪಿಯನ್ ರಸ್ತೆಯಲ್ಲಿ ಇನ್ನೊಬ್ಬ ಪುಂಡರ ನಾಯಕನ ಗುಂಪಿನ ಕೈಯಲ್ಲಿ ಸತ್ತ. ಬೆಂಬಲಿಗರು ಹೆಣವನ್ನು ಸೆನೆಟ್ ಭವನದೊಳಗೆ ಒಯ್ದು, ಅಲ್ಲಿದ್ದ ಬೆಂಚುಗಳನ್ನೇ ಒಟ್ಟಿ ಬೆಂಕಿ ಇಟ್ಟರು. ಭವನವೂ ಸುಟ್ಟುಹೋಯಿತು. ಇನ್ನು ಸರ್ವಾಧಿಕಾರಿಯೇ ಗತಿ ಎಂಬ ಕೂಗು ಎದ್ದಿತು. ಆದರೆ ಆ ಹೆಸರು ಕಿವಿಗೆ ಕರ್ಕಶ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸೇನಾಪತಿ ಪಾಂಪೆ 'ಜೊತೆಗಾರನಿಲ್ಲದ ಕಾನ್ಸಲ್' ಆಗಲಿ ಎಂಬ ಉಪಾಯ ಹೊಳೆಯಿತು. ಸೂಚಿಸಿದವನು, ಜೊತೆಗಾರನಿದ್ದೂ ಇಲ್ಲದಂತೆ ವರ್ಷ ಕಳೆದಿದ್ದ ನಮ್ಮ ಬಿಬುಲಸ್! ಅನುಮೋದಿಸಿದವನು, ಅವನ ಮಾವ ಕೇಟೊ.

ಪಾಂಪೆ ಬಂದವನೇ ಚುನಾವಣಾ ಲಂಚದ ವಿರುದ್ಧ ಕಠಿಣ ಕಾನೂನು ತಂದ. ಅದೇ ಆರೋಪ ಅವನ ಮಾವ ಸ್ಕಿಪಿಯೋನ ಮೇಲೆ ಬಂತು. ಪಾಂಪೆ 360 ಮಂದಿ ನ್ಯಾಯದರ್ಶಿಗಳನ್ನು ಮನೆಗೇ ಕರೆಸಿ ಕೈ ಮುಗಿದ. ಫೋರಂನಿಂದ ಸ್ಕಿಪಿಯೋನನ್ನು ಆ ನ್ಯಾಯದರ್ಶಿಗಳೇ ಮೆರವಣಿಗೆಯಲ್ಲಿ ಕರೆತರುತ್ತಿರುವುದನ್ನು ಕಂಡ ದೂರುದಾರ, ದೂರು ಕೈಬಿಟ್ಟ. ಪಾಂಪೆ ಆಮೇಲೆ ಅದೇ ಮಾವನನ್ನು ಜೊತೆಗಾರ ಕಾನ್ಸಲ್ ಮಾಡಿಕೊಂಡ. ಅಂತೂ ಸಂವಿಧಾನದ ಕೊರತೆ ನೀಗಿತು.

ಆಮೇಲಿನದು ಗೊತ್ತಿರುವ ಕತೆ, ಸೀಸರ್ ಮತ್ತು ಪಾಂಪೆ ನಡುವೆ ಅಂತರ್ಯುದ್ಧ, ಗೆದ್ದವನು ಸೀಸರ್. ಆದರೆ ರೋಮನ್ನರು ಶಾಸ್ತ್ರ ಬಿಡಲಿಲ್ಲ. 45ರ ಕೊನೆಯ ದಿನ ಬೆಳಿಗ್ಗೆ ಕಾನ್ಸಲ್ ಒಬ್ಬ ತೀರಿಕೊಂಡ. ಸೀಸರ್ ಅಂದು ಮಧ್ಯಾಹ್ನವೇ ಮತದಾನ ಮಾಡಿಸಿ, ಕನಿನಿಯಸ್ ಎಂಬವನನ್ನು ಉಳಿದ ಕೆಲವು ಗಂಟೆಗಳಿಗೆ ಕಾನ್ಸಲ್ ಮಾಡಿದ. ಈತನ ಆಡಳಿತದಲ್ಲಿ ಯಾರೂ ಬೆಳಗಿನ ಊಟ ಮಾಡಲಿಲ್ಲ, ಎಷ್ಟು ಜಾಗರೂಕನೆಂದರೆ ಇಡೀ ಅವಧಿ ಕಣ್ಣು ಮುಚ್ಚಲಿಲ್ಲ ಎಂದು ವಾಗ್ಮಿ ಸಿಸೆರೊ ಗೆಳೆಯನಿಗೆ ಪತ್ರ ಬರೆದ.

44ರ ಮಾರ್ಚ್‌ನಲ್ಲಿ ಗಣರಾಜ್ಯವನ್ನು ಉಳಿಸಲು ಸೀಸರ್‌ನನ್ನು ಕೊಂದರು. ಬದುಕಿರುವಾಗಲೇ ನಾಣ್ಯದ ಮೇಲೆ ಮುಖ ಹಾಕಿಸಿಕೊಂಡ ಅಹಂಕಾರಿ ಅವನು. ಕೊಂದ ಬ್ರೂಟಸ್ ಅದರ ನೆನಪಿಗೆ ನಾಣ್ಯ ಟಂಕಿಸಿದ. ಒಂದು ಬದಿಗೆ ಎರಡು ಕಠಾರಿ, ಇನ್ನೊಂದು ಬದಿಗೆ ಬ್ರೂಟಸ್‌ನದೇ ಮುಖ.

ಕಡೆಗೆ ಗಣರಾಜ್ಯವನ್ನು ಪೂರ್ತಿ ಉಳಿಸಿದವನು ಸೀಸರ್ನ ದತ್ತುಮಗ, ಮೊದಲ ಚಕ್ರವರ್ತಿ ಅಗಸ್ಟಸ್. ಹತ್ತೊಂಬತ್ತನೇ ವಯಸ್ಸಿನಲ್ಲಿ ಸ್ವಂತ ಖರ್ಚಿನಲ್ಲಿ ಖಾಸಗಿ ಸೇನೆ ಕಟ್ಟಿ ಗಣರಾಜ್ಯಕ್ಕೆ ಸ್ವಾತಂತ್ರ್ಯ ಕೊಡಿಸಿದೆ ಎಂದು ತನ್ನ ಸಾಧನೆಗಳ ಪಟ್ಟಿಯ ಆರಂಭದಲ್ಲೇ ಬರೆಸಿಕೊಂಡಿದ್ದಾನೆ. ಆಮೇಲೂ ವರ್ಷಾವರ್ಷ ಕಾನ್ಸಲ್‌ಗಳ ನೇಮಕ ನಿಲ್ಲಲಿಲ್ಲ. ಕ್ರಿ.ಶ. 541ರವರೆಗೂ ಆ ಹುದ್ದೆಯಲ್ಲಿ ಯಾರಾದರೊಬ್ಬರು ಬಂದು ಕೂರುತ್ತಲೇ ಇದ್ದರು.